ಬಿಳಿಯ ಮೇಲೆ ಬಿಳಿ ಅಕ್ಷರ

ಅಧ್ಯಕ್ಷ ಪೀಠವನ್ನು ಸತತವಾಗಿ ಅಲಂಕರಿಸುತ್ತ ಬಂದಿರುವ ಶ್ರೀ ಚಂದ್ರಶೇಖರ ಅವರೇ, ಬೆಂಗಳೂರಿನಿಂದ ಬೆಳಗ್ಗೆಯೇ ಬಂದು ಇಲ್ಲಿಯವರೆಗೆ ತಾಳ್ಮೆಯಿಂದ ಕೂತಿರುವ ಮುಖ್ಯ ಅತಿಥಿಗಳೇ, ಈ ಸಂಜೆಯ ಸನ್ಮಾನಿತರಾಗಿ ಆಗಲೇ ಶಾಲು ಹೊದ್ದು ಬೆವರುತ್ತಿರುವ ಶ್ರೀ ರವಿಕಿರಣ್ ಅವರೇ, ಮುಂದಿನ ಸಾಲುಗಳನ್ನು ಖಾಲಿ ಬಿಟ್ಟು ಊಟದ ಹಾಲಿನ ಬಾಗಿಲಿಗೆ ಹತ್ತಿರವಾಗಿ ಆಸೀನರಾಗಿರುವ ಸಭಿಕರೇ,

ಚೆನ್ನೈನಲ್ಲಿ ನಮ್ಮ ಕನ್ನಡ ಸಂಘ ಎರಡು ಸಾವಿರದ ಏಳನೆಯ ಇಸವಿಯ ಈ ವಾರ್ಷಿಕೋತ್ಸವದಲ್ಲಿ ರವಿಕಿರಣ್ ಅವರಿಗೆ ‘ಅಂತರ್ಜಾಲ ಭೂಷಣ’ ಎಂಬ ಬಿರುದು ಕೊಡುತ್ತಿದೆ. ಯಾಕೆ? ಸಂಘದ ವೆಬ್‌ಸೈಟನ್ನು ಸರ್ಚ್‌ನಲ್ಲಿ ಮೊದಲನೆಯ ಸ್ಥಾನಕ್ಕೆ ತಂದದ್ದಕ್ಕಾಗಿ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅಚ್ಚಾದದ್ದನ್ನು ಅಲ್ಲಗಳೆಯುವ ಅಭ್ಯಾಸ ನನಗಿಲ್ಲ. “ಬದರೀ, ನೀವು ಕಾರ್ಯದರ್ಶಿ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ” ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಒಳ್ಳೆಯ ಮಾತಿಗೆ ಮೊದಲು ನಡೆದ ಮಾತು ಹೇಳುತ್ತೇನೆ. ಒಳ್ಳೆಯದನ್ನು ಅದರೊಳಗಿಂದ ನೀವೇ ಆರಿಸಿಕೊಳ್ಳಿ.

ನಮ್ಮ ಸಂಘಕ್ಕೆ ವೆಬ್‌ಸೈಟ್ ಯಾಕೆ ಬೇಕಾಯಿತು? ಯುಗಾದಿಗೆ, ರಾಜ್ಯೋತ್ಸವಕ್ಕೆ ಫೋಟೋ ಹಾಕಲಿಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ಕರ್ನಾಟಕದಿಂದ ಇಲ್ಲಿನ ಆಸ್ಪತ್ರೆಗಳಿಗೆ ಎಷ್ಟು ಜನ ಬರುತ್ತಾರೆ! ಕಣ್ಣು, ಹೃದಯ, ಮೂತ್ರಪಿಂಡ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯದೆ ನಿಲ್ಲುತ್ತಾರೆ. ಅವರನ್ನು ಕರೆದುಕೊಂಡು ಬಂದು, ರೂಮು ತೋರಿಸಿ, ಡಾಕ್ಟರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಸಂಘದ ಕೆಲವು ಹೆಂಗಸರು ಮಾಡುತ್ತ ಬಂದಿದ್ದಾರೆ. ಅವರಲ್ಲಿ ಮುಖ್ಯಳಾದವಳು ಜಯಲಕ್ಷ್ಮಿ, ನನ್ನ ಧರ್ಮಪತ್ನಿ. ಅವಳ ದಯೆಯಿಂದ ನಾನು ಈಗ ಸಾರು, ಪಲ್ಯ ಎರಡನ್ನೂ ಮಾಡಬಲ್ಲೆ. ಗೊಜ್ಜು ಇನ್ನೂ ಕೂಡಿ ಬಂದಿಲ್ಲ.

ಆ ಜನರಿಗೆ ನಮ್ಮ ಫೋನ್ ನಂಬರು ಸಿಗಲಿ ಎಂದು ವೆಬ್‌ಸೈಟ್ ಮಾಡಿದೆವು. ಮಾಡಿದ ಮೇಲೆ ಅಧ್ಯಕ್ಷರು ಅದನ್ನು ನೋಡಿದರು. ಅಧ್ಯಕ್ಷರು ನೋಡಿದ ಮೇಲೆ ಮೊದಲನೆಯ ಪುಟದಲ್ಲಿ ಅಧ್ಯಕ್ಷರ ಫೋಟೋ ಬಂತು, ಅಧ್ಯಕ್ಷರ ಸಂದೇಶ ಬಂತು, ವೀಣೆಯ ನಾದ ಬಂತು. ಪಕ್ಕದಲ್ಲಿ ಕಾರ್ಯದರ್ಶಿಯ ಫೋಟೋವೂ ಬಂತು. ಅದು ನಾನು ಕೇಳಿದ್ದಲ್ಲ. ಫೋಟೋ ಮಾತ್ರ ಚೆನ್ನಾಗಿತ್ತು, ಪೆರಂಬೂರಿನ ಸ್ಟುಡಿಯೋದಲ್ಲಿ ಕೋಟು ಹಾಕಿ ತೆಗೆಸಿದ್ದು. ಆಸ್ಪತ್ರೆ, ರೂಮು, ಫೋನ್ ನಂಬರು ಇವೆಲ್ಲ ಎಲ್ಲಿ ಹೋದವು? ಇದ್ದವು, ಕೆಳಗೆ. ಬೆರಳು ನೋಯುವವರೆಗೆ ಕೆಳಗೆ ಹೋದರೆ ಸಿಗುತ್ತಿದ್ದವು.

ಆದರೂ ಜನ ಹೇಗೋ ಹುಡುಕಿಕೊಂಡು ಬರುತ್ತಿದ್ದರು. ಸರ್ಚ್‌ನಲ್ಲಿ ‘ಚೆನ್ನೈ, ಕನ್ನಡ, ಆಸ್ಪತ್ರೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಎರಡನೆಯದೋ ಮೂರನೆಯದೋ ಆಗಿ ನಾವಿರುತ್ತಿದ್ದೆವು. ಅಧ್ಯಕ್ಷರಿಗೆ ಅದು ಅವಮಾನವೆನ್ನಿಸಿತು. “ಎರಡನೇ ಸ್ಥಾನ ಯಾಕೆ? ನಾವೇನು ಉಪಾಧ್ಯಕ್ಷರೇ?” ಎಂದು ಸಭೆಯಲ್ಲಿ ಕೇಳಿದರು.

ಆಗ ಅವತರಿಸಿದವರು ರವಿಕಿರಣ್. ಮೈಸೂರಿನವರು, ಆಗಷ್ಟೇ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದರು. ವೆಬ್‌ಸೈಟುಗಳನ್ನು ಮೇಲಕ್ಕೆ ಏರಿಸುವುದೇ ಅವರ ವೃತ್ತಿ. ಅವರನ್ನು ಸಂಘಕ್ಕೆ ಕರೆತಂದವರು ಯಾರು ಎಂಬುದು ಈಗ ಮುಖ್ಯವಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಮನೆತನ, ಮನೆಯಲ್ಲಿ ಮದುವೆಗೆ ಬಂದ ಮಗಳಿರುವ ಯಾವ ತಂದೆಯಾದರೂ ಒಂದು ಸಲ ಊಟಕ್ಕೆ ಕರೆಯುತ್ತಾನೆ. ಅದು ಬೇರೆ ವಿಷಯ.

ಮೊದಲನೆಯ ಸ್ಥಾನಕ್ಕೆ ತರುತ್ತೇನೆ ಎಂದರು ರವಿಕಿರಣ್, ಹೇಳಿದಂತೆಯೇ ಮಾಡಿದರು. ಕೆಲವೇ ವಾರಗಳಲ್ಲಿ ನಾವು ಮೊದಲನೆಯವರಾದೆವು. ಆಸ್ಪತ್ರೆ ಎಂದು ಹುಡುಕಿದರೂ ನಾವು, ಮಧುಚಂದ್ರಕ್ಕೆ ಹೋಟೆಲು ಹುಡುಕಿದರೂ ನಾವು, ಪುಕ್ಕಟೆ ಸಿನಿಮಾ ಹಾಡು ಹುಡುಕಿದರೂ ಅಧ್ಯಕ್ಷರ ಸಂದೇಶ! ಅಧ್ಯಕ್ಷರು ಸಿಹಿ ಹಂಚಿದರು. ನಾನೂ ತಿಂದೆ. ಕೆಲವು ದಿನ ಕಳೆದ ಮೇಲೆ ಜಯಲಕ್ಷ್ಮಿ ಮಾತ್ರ, “ಫೋನ್ ಬರೋದೇ ನಿಂತುಹೋಯ್ತಲ್ರೀ?” ಎಂದಳು. ಜನ ಆರೋಗ್ಯವಾಗಿರಬಹುದು ಎಂದೆ ನಾನು.

ಹೋದ ವರ್ಷದ ಬೇಸಿಗೆ. ತಾಂಬರಂನಲ್ಲಿ ನಮ್ಮ ಸಂಬಂಧಿಕರ ಮನೆಯ ಉಪನಯನ ಮುಗಿಸಿಕೊಂಡು ನಾವಿಬ್ಬರೂ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿದ್ದೆವು. ನಮ್ಮ ಸಂಸಾರದ ಮುಖ್ಯ ಚರ್ಚೆಗಳೆಲ್ಲ ನಡೆದಿರುವುದು ಎಲೆಕ್ಟ್ರಿಕ್ ಟ್ರೈನಿನಲ್ಲೇ. ಸುತ್ತಲಿರುವವರು ತಮಿಳರು, ಅರ್ಥವಾಗುವುದಿಲ್ಲ ಎಂಬ ಧೈರ್ಯ. ಅವತ್ತಿನ ವಿಷಯ ನನ್ನ ಫೋಟೋ. “ಏನ್ರೀ, ನಿಮ್ಮ ಮೂಂಜಿ ನೋಡಕ್ಕಾ ಜನ ಅಷ್ಟು ದೂರದಿಂದ ಹುಡುಕ್ತಾರೆ? ಕೋಟು ಬೇರೆ ಕೇಡು! ಆಪರೇಷನ್‌ಗೆ ಬರೋರಿಗೆ ಫೋನ್ ನಂಬರ್ ವೇಣುಮಾ, ನಿಮ್ಮ ಕೋಟು ವೇಣುಮಾ?” ಎಂದು ಅವಳು ಸ್ವರ ಏರಿಸಿದ್ದಳು. ಬೆಂಗಳೂರಿನ ಅತಿಥಿಗಳಿಗಾಗಿ ಹೇಳುತ್ತೇನೆ, ಮೂಂಜಿ ಎಂದರೆ ಮುಖ, ವೇಣುಮಾ ಎಂದರೆ ಬೇಕಾ; ಕೋಪ ಬಂದರೆ ಅವಳ ಕನ್ನಡಕ್ಕೆ ತಮಿಳು ಸೇರುತ್ತದೆ.

ಟ್ರೈನು ಪಲ್ಲಾವರಂನಲ್ಲಿ ನಿಂತು ಹೊರಟಿತ್ತು. ಅಲ್ಲಿ ಹತ್ತಿದ ಒಬ್ಬ ಮುದುಕಿ, ಒಂದು ಕಣ್ಣಿಗೆ ಸೆರಗು ಒತ್ತಿಕೊಂಡು, ಕಂಬ ಹಿಡಿದು ಹಿಡಿದು ನಮ್ಮ ಸೀಟಿನ ಹತ್ತಿರ ಬಂದರು. ಬಂದು ಜಯಲಕ್ಷ್ಮಿಯ ಕೈ ಹಿಡಿದುಕೊಂಡರು. ಅವಳು ಬೆಚ್ಚಿ ಬೈಗುಳ ನಿಲ್ಲಿಸಿದಳು. ಮುದುಕಿ ಹೇಳಿದರು: “ಬೈತಾ ಇರವ್ವಾ, ನಿಲ್ಲಿಸ್‌ಬ್ಯಾಡ. ನಮ್ ಮಾತು ಕಿವಿಗ್ ಬಿದ್ದು ಏಸೋ ದಿನ ಆಗೋಗಿತ್ತು.”

ಅವರ ಹೆಸರು ಚಿಕ್ಕತಾಯಮ್ಮ. ಮಂಡ್ಯದ ಕಡೆಯವರು. ಹಿಂದೆಯೇ ಮಗ ಮಂಜುನಾಥ ಚೀಲ ಹೊತ್ತುಕೊಂಡು ಬಂದ, ಶಾಲೆಯ ಮೇಷ್ಟರು. ತಾಯಿಯ ಎಡಗಣ್ಣಿಗೆ ಇದ್ದಕ್ಕಿದ್ದಂತೆ ಪರದೆ ಬಿದ್ದ ಹಾಗಾಗಿದೆ. ಅಲ್ಲಿಯ ಡಾಕ್ಟರು, ಕಣ್ಣಿನ ಒಳಪದರ ಬಿಟ್ಟುಕೊಂಡಿದೆ, ತಡ ಮಾಡದೆ ಚೆನ್ನೈಗೆ ಕರೆದುಕೊಂಡು ಹೋಗಿ ಎಂದು ಚೀಟಿ ಕೊಟ್ಟು ಕಳಿಸಿದ್ದಾರೆ. ಇವನು ಸೈಬರ್ ಸೆಂಟರಿನಲ್ಲಿ ಕೂತು ಹುಡುಕಿ, ಒಬ್ಬ ದಲ್ಲಾಳಿಗೆ ಫೋನ್ ಮಾಡಿದ್ದಾನೆ. ಆ ಪುಣ್ಯಾತ್ಮ ಸ್ಟೇಷನ್ನಿಗೇ ಬಂದು, ದೊಡ್ಡ ಆಸ್ಪತ್ರೆ ಎಂದು ಹೇಳಿ, ಪಲ್ಲಾವರಂನ ಒಂದು ಲಾಡ್ಜಿಗೂ ಅದರ ಪಕ್ಕದ ನರ್ಸಿಂಗ್ ಹೋಮಿಗೂ ಸೇರಿಸಿದ್ದಾನೆ. ಅಲ್ಲಿ ದಿನಾ ಕಣ್ಣಿಗೆ ಹನಿ ಹಾಕುತ್ತಾರೆ, ದಿನಾ ನಾಳೆ ಎನ್ನುತ್ತಾರೆ. ಏನು ಹೇಳುತ್ತಿದ್ದಾರೆ ಎಂದು ಇವರಿಗೆ ತಿಳಿಯದು. ಕೊನೆಗೆ ಅವತ್ತು ಮಗನಿಗೆ ಅನುಮಾನ ಬಂದು, ತಾಯಿಯನ್ನು ಕರೆದುಕೊಂಡು ಹೊರಟಿದ್ದಾನೆ. ಎಲ್ಲಿಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

“ನಮ್ಮ ಸಂಘಕ್ಕೆ ಫೋನ್ ಮಾಡಬಾರದಿತ್ತೇನಪ್ಪ? ವೆಬ್‌ಸೈಟ್ ಇದೆಯಲ್ಲಾ” ಎಂದಳು ಜಯಲಕ್ಷ್ಮಿ.

“ಅಂಥದ್ ಐತೆ ಅಂತ ಯಾರೋ ಹೇಳಿದ್ರು ಮೇಡಂ. ಹುಡುಕ್‌ದೆ, ನಿಮ್ದು ಬರ್ನೇ ಇಲ್ಲ. ಮೊದ್ಲು ಬಂದಿದ್ದು ಅವನ್ದು. ಮೊದ್ಲು ಬಂದೋನು ಒಳ್ಳೆಯೋನೇ ಇರ್‌ಬೇಕು ಅಂದ್ಕಂಡೆ.”

ಜಯಲಕ್ಷ್ಮಿ ಮನೆಗೆ ಬರಲಿಲ್ಲ. ಅಲ್ಲಿಂದಲೇ ಅವರನ್ನು ಸರಿಯಾದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಆಪರೇಷನ್ ಮಾಡಿದರು. ಇನ್ನೂ ಮುಂಚೆ ಬಂದಿದ್ದರೆ ಆ ಕಣ್ಣು ಉಳಿಯುತ್ತಿತ್ತು ಎಂದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನನ್ನ ಹೆಂಡತಿ. ಅವಳು ಅದನ್ನು ಹೇಗೆ ಹೇಳಿದಳು ಎಂದು ನಾನು ಇದುವರೆಗೆ ಕೇಳಿಲ್ಲ.

ನಾನು ಮನೆಗೆ ಬಂದು ಮಗಳು ವೃಂದಾಳಿಗೆ ಹುಡುಕಲು ಹೇಳಿದೆ. ಅವಳೂ ಕಂಪ್ಯೂಟರಿನ ಕೆಲಸದಲ್ಲೇ ಇರುವವಳು. ಹುಡುಕಿದಳು. ಸಂಘದ ಪೂರ್ತಿ ಹೆಸರು ಹೊಡೆದಳು. ಹಳೇ ಟೈರು ಮಾರುವವರ ಸೈಟ್ ಬಂತು, ನಾವು ಬರಲಿಲ್ಲ. “ಅಪ್ಪಾ, ನಮ್ಮ ಸೈಟ್ ಲಿಸ್ಟಲ್ಲೇ ಇಲ್ಲ ಪಾ. ತೂಕ್ಕಿಟ್ಟಾಂಗ” ಎಂದಳು. ಎತ್ತಿ ಹೊರಗೆ ಹಾಕಿದ್ದಾರೆ ಎಂದರ್ಥ. ಆಮೇಲೆ ನಮ್ಮ ಮೊದಲನೆಯ ಪುಟ ತೆರೆದು, ಅಧ್ಯಕ್ಷರ ಫೋಟೋದ ಕೆಳಗಿನ ಖಾಲಿ ಜಾಗದ ಮೇಲೆ ಮೌಸ್ ಎಳೆದಳು. ಏನು ನೋಡಿದೆ ಸಭಿಕರೇ! ಖಾಲಿ ಜಾಗದಿಂದ ಅಕ್ಷರಗಳು ಎದ್ದುಬಂದವು. ಬಿಳಿ ಪುಟದ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು. ಆಸ್ಪತ್ರೆ ಆಸ್ಪತ್ರೆ ಆಸ್ಪತ್ರೆ, ಮಧುಚಂದ್ರ ಮಧುಚಂದ್ರ, ಲಾಟರಿ, ಪುಕ್ಕಟೆ ಹಾಡು, ನಟಿಯರ ಹೆಸರು, ನಡುನಡುವೆ ಚಂದ್ರಶೇಖರ ಚಂದ್ರಶೇಖರ. ಮನುಷ್ಯನಿಗೆ ಕಾಣಬಾರದು, ಸರ್ಚ್ ಮಾಡುವ ಯಂತ್ರಕ್ಕೆ ಮಾತ್ರ ಕಾಣಬೇಕು ಎಂಬ ಉಪಾಯ. ಸಾಲದ್ದಕ್ಕೆ ಆ ಟೈರಿನವರು, ಲಾಟರಿಯವರು ನಮ್ಮನ್ನು ಹೊಗಳಿದ ಹಾಗೆ ಅವರ ಸೈಟಿನಿಂದ ನಮಗೆ, ನಮ್ಮದರಿಂದ ಅವರಿಗೆ ಕೊಂಡಿ, ಅಂದರೆ ಲಿಂಕು; ಅದನ್ನು ಎಣಿಸಿ ಯಂತ್ರ ಸ್ಥಾನ ಕೊಡುತ್ತದಂತೆ. ಯಂತ್ರ ಸ್ವಲ್ಪ ದಿನ ಮೋಸಹೋಯಿತು. ಆಮೇಲೆ ಕಂಡುಹಿಡಿದು ನಮ್ಮನ್ನು ಹೊರಗಟ್ಟಿತು.

ನಾನು ಕೋಚ್ ಫ್ಯಾಕ್ಟರಿಯಲ್ಲಿ ರೈಲು ಬೋಗಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿದ್ದವನು. ಕೆಂಪು ಬೋಗಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಯಾವ ಪೇಂಟರೂ ಸನ್ಮಾನ ಮಾಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ತುರ್ತು ಸಭೆ ಕರೆದೆವು. ರವಿಕಿರಣ್ ಬಂದರು. “ಎಲ್ಲರೂ ಮಾಡೋದೇ ಇದು ಸರ್. ಹಿಟ್ಸ್ ಎಷ್ಟು ಬಂದಿತ್ತು ನೋಡಿ” ಎಂದರು. ಅಧ್ಯಕ್ಷರು, “ಸ್ವಲ್ಪ ಕಾದು ನೋಡೋಣ, ನನ್ನ ಸಂದೇಶಕ್ಕಂತೂ ಕೈ ಹಾಕಬೇಡಿ” ಎಂದರು. ಆಗ ಜಯಲಕ್ಷ್ಮಿ ಒಳಗೆ ಬಂದಳು, ಜೊತೆಗೆ ಕಣ್ಣಿಗೆ ಪಟ್ಟಿ ಕಟ್ಟಿದ್ದ ಚಿಕ್ಕತಾಯಮ್ಮ. ಅವರಿಗೆ ವೃಂದಾ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ನಡೆದದ್ದನ್ನು ಬಿಡಿಸಿ ಹೇಳಿದಳು. ಮುದುಕಿ ಎಲ್ಲವನ್ನೂ ಕೇಳಿಕೊಂಡರು. ಬೈಯಲಿಲ್ಲ. “ನಂಗೇನೋ ಕಾಣಕ್ಕಿಲ್ಲ ಬುಡಿ. ಕಣ್ಣಿರೋರ್ಗೂ ಕಾಣ್ದಂಗೆ ಯಾಕ್ರಪ್ಪಾ ಬರೀತೀರಿ?” ಎಂದರು.

ಅಧ್ಯಕ್ಷರು ಕಾಫಿ ತರಿಸಿದರು.

ಆಮೇಲೆ ವೃಂದಾ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಿಳಿ ಅಕ್ಷರ ಹೋಯಿತು, ಟೈರಿನ ಕೊಂಡಿ ಹೋಯಿತು, ವೀಣೆ ಹೋಯಿತು, ಸಂದೇಶ ಹೋಯಿತು, ನನ್ನ ಫೋಟೋವೂ ಹೋಯಿತು. ನನಗೆ ಬೇಸರವಿಲ್ಲ. ಯಾವ ಮೂಲೆಯಲ್ಲಾದರೂ ಚಿಕ್ಕದಾಗಿ ಇರಬಹುದಿತ್ತು ಎಂದು ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ.

ಇನ್ನೊಂದು ಸಂಗತಿ ಹೊರಬಿತ್ತು. ನಮ್ಮ ಕನ್ನಡ ಪುಟಗಳು ಹಳೆಯ ಫಾಂಟಿನಲ್ಲಿದ್ದವು. ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ಬರೀ ಗೀಚು. ಕನ್ನಡ ಸಂಘದ ಕನ್ನಡವನ್ನು ಇಷ್ಟು ವರ್ಷ ಯಾರೂ ಓದಿಯೇ ಇರಲಿಲ್ಲ! ವೃಂದಾ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದಳು. ತಮಿಳು ಶಾಲೆಯಲ್ಲಿ ಓದಿದ ಹುಡುಗಿ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು, ಒತ್ತಕ್ಷರ ತಪ್ಪಬಾರದೆಂದು ಅಮ್ಮನ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿಸಿಕೊಂಡಳು. ಜಯಲಕ್ಷ್ಮಿ ಹೊಸದಾಗಿ ಬರೆದಳು. ಯಾವ ಆಸ್ಪತ್ರೆಗೆ ಯಾವ ಕಾಗದ ತರಬೇಕು, ಮೊಸರನ್ನ ಎಲ್ಲಿ ಸಿಗುತ್ತದೆ, ನೋವಾದರೆ ನರ್ಸಿಗೆ ‘ವಲಿಕ್ಕುದು’ ಎನ್ನಬೇಕು, ಸ್ಟೇಷನ್ನಿನಲ್ಲಿ ತಾನಾಗಿ ಬಂದು ಚೀಲ ಹಿಡಿದುಕೊಳ್ಳುವವನನ್ನು ನಂಬಬಾರದು. ಇಂಥವು. ಆ ಸರ್ಚ್ ಕಂಪನಿಗೆ ವೃಂದಾ ಒಂದು ಪತ್ರ ಬರೆದಳು: ತಪ್ಪಾಗಿತ್ತು, ತೆಗೆದಿದ್ದೇವೆ, ಮತ್ತೆ ಪರಿಶೀಲಿಸಿ. ಅಧ್ಯಕ್ಷರು ಲೆಟರ್‌ಹೆಡ್ಡಿನಲ್ಲಿ ಕಳಿಸಿ ಎಂದರು. ಯಂತ್ರದವರನ್ನು ನಿಯೋಗ ಹೋಗಿ ಕಾಣಬಹುದೇ ಎಂದೂ ವಿಚಾರಿಸಿದರು.

ಉತ್ತರ ಬರಲಿಲ್ಲ. ತಿಂಗಳುಗಳು ಹೋದವು. ಜಯಲಕ್ಷ್ಮಿ ಬರೆಯುತ್ತಲೇ ಇದ್ದಳು. ವಾಸಿಯಾಗಿ ಹೋದವರು ತಮ್ಮ ಊರಿನ ಡಾಕ್ಟರಿಗೆ ಹೇಳಿದರು, ಡಾಕ್ಟರುಗಳು ತಮ್ಮ ಪುಟಗಳಲ್ಲಿ ನಮ್ಮ ವಿಳಾಸ ಹಾಕಿದರು. ಮಂಜುನಾಥ ಮಂಡ್ಯದಲ್ಲಿ ಕೂತು ಆಗಾಗ ಹುಡುಕುತ್ತಿದ್ದ. ಒಂದು ದಿನ ಅವನದೇ ಫೋನು: “ಬಂತು ಮೇಡಂ! ಮೊದ್ಲಿಗ್ ನಿಮ್ದೇ ಬಂತು. ಅವ್ವನ್ಗೆ ತೋರುಸ್‌ದೆ, ಆ ಒಂದ್ ಕಣ್ಣಾಗೇ ನೋಡುದ್ಲು.” ಜಯಲಕ್ಷ್ಮಿ ಫೋನ್ ಇಟ್ಟು ಅಡಿಗೆಮನೆಗೆ ಹೋದಳು. ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದಳು. ಆ ಪಾತ್ರೆಗಳನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ನಾವು ಮರಳಿದ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. “ನಾನು ಹೇಳಿರಲಿಲ್ಲವೇ? ರವಿಕಿರಣ್ ಮಾಡಿದ ಕೆಲಸ ಈಗ ಫಲ ಕೊಟ್ಟಿದೆ” ಎಂದರು. ಅದೇ ಈ ಶಾಲು, ಅದೇ ಈ ಹಾರ. ಶ್ರೀಯುತರು ಈಗ ಸ್ವಂತ ಕಂಪನಿ ತೆರೆದಿದ್ದಾರೆ. ಅದರ ಜಾಹೀರಾತಿನಲ್ಲಿ ನಮ್ಮ ಸಂಘದ ಹೆಸರಿದೆ. ಮುಳುಗಿಸಿದವನಿಗೆ ಈಜುಗಾರನ ಪದಕ ಕೊಡುವ ಇಂಥ ಔದಾರ್ಯ ನಮ್ಮ ಸಂಘಕ್ಕಲ್ಲದೆ ಇನ್ಯಾರಿಗಿದೆ? ಚಪ್ಪಾಳೆ ತಟ್ಟಬಹುದು.

ನನ್ನ ಹೆಂಡತಿ, ಮಗಳು ಇಬ್ಬರೂ ಈ ಸಭೆಯಲ್ಲಿಲ್ಲ. ಚಾಮರಾಜನಗರದಿಂದ ಬಂದ ಒಂದು ಮಗುವಿನ ಹೃದಯದ ಆಪರೇಷನ್ ಇವತ್ತು. ಅಲ್ಲಿದ್ದಾರೆ. ಮೊದಲನೆಯ ಸ್ಥಾನ ಬಂದಮೇಲೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ನಾಳೆ ಬೆಳಗ್ಗೆ ಬೆಂಗಳೂರು ರೈಲಿನಿಂದ ಇನ್ನೊಂದು ಸಂಸಾರ ಇಳಿಯುತ್ತದೆ, ಕರೆತರಲು ಜನವಿಲ್ಲ. ಮನೆಯಿಂದ ಹೊರಡುವಾಗ ಜಯಲಕ್ಷ್ಮಿ, “ಅಷ್ಟು ಜನ ಸೇರ್ತಾರಲ್ಲಾ, ಯಾರಾದ್ರೂ ಬರ್ತಾರಾ ಕೇಳಿ” ಎಂದಿದ್ದಳು. ಕೇಳುತ್ತಿದ್ದೇನೆ. ನಾಳೆ ಬೆಳಗ್ಗೆ ಸೆಂಟ್ರಲ್‌ಗೆ ಯಾರು ಬರುತ್ತೀರಿ? ಕೈ ಎತ್ತಿ.

ಹಿಂದಿನ ಸಾಲಿನವರೇ, ಬಾಗಿಲಿನ ಕಡೆ ನೋಡಬೇಡಿ, ಎಲೆ ಇನ್ನೂ ಹಾಕಿಲ್ಲ. ಯಾರೂ ಇಲ್ಲವೇ? ಕನ್ನಡದ ಹಾಡಿಗೆ ಎದ್ದು ನಿಂತವರು ಇಷ್ಟು ಜನ, ಕನ್ನಡದ ರೋಗಿಗೆ ಒಬ್ಬರೂ ಇಲ್ಲವೇ?

ಏನು? ಕೈ ಎತ್ತಿದವರು ವೇದಿಕೆಯ ಮೇಲೆಯೇ? ಅಧ್ಯಕ್ಷರೇ, ತಾವೇ... ತಾವಲ್ಲವೇ?

ರವಿಕಿರಣ್ ಅವರೇ, ಕೈ ಎತ್ತಿದ್ದು ನೀವಾ? ಶಾಲು ಸರಿಮಾಡಿಕೊಳ್ಳಲಿಕ್ಕೆ ಎತ್ತಿದ್ದಿರಬಹುದು ಅಂದುಕೊಂಡೆ. ನಿಜವಾಗಿಯೂ ಬರುತ್ತೀರಾ? ರೈಲು ಬೆಳಕು ಹರಿಯುವ ಮುಂಚೆಯೇ ಬರುತ್ತದೆ. ಬಂದವರನ್ನು ಆಸ್ಪತ್ರೆಗೆ ಸೇರಿಸಿ, ಡಾಕ್ಟರು ಬರುವವರೆಗೂ ಕೂತಿರಬೇಕು. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕು, ಎಂಥ ಮಾತಾದರೂ. ಆಗಬಹುದಾ?

ಆಗಬಹುದು ಎನ್ನುತ್ತಿದ್ದಾರೆ.

ಸರಿ. ನಾನು ಇನ್ನೂ ಎರಡು ಪುಟ ಬರೆದುಕೊಂಡು ಬಂದಿದ್ದೆ, ನಿಮ್ಮನ್ನು ಕುರಿತೇ. ಅದನ್ನು ಓದುವುದಿಲ್ಲ. ಬೆಳಗ್ಗೆ ಸ್ಟೇಷನ್ನಿನ ಬಾಗಿಲಲ್ಲಿ ನಾನೂ ಇರುತ್ತೇನೆ. ಶಾಲು ಮನೆಯಲ್ಲಿಟ್ಟು ಬನ್ನಿ, ಸೆಖೆ ಜಾಸ್ತಿ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ, ಕಾಫಿಯಿಲ್ಲದೆ ಕೇಳಿದ ಅತಿಥಿಗಳಿಗೂ, ಕೈ ಎತ್ತದಿದ್ದರೂ ಎದ್ದು ಹೋಗದೆ ಕೂತ ನಿಮಗೂ ನನ್ನ ವಂದನೆಗಳು. ನಮಸ್ಕಾರ.