ಹಾಜರಿ ತಾತ ಗುಣಮುಖರಾದ ತಪ್ಪಿಗೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ವಸತಿ ಅಧಿಕಾರಿಗಳೇ, ಈ ಮನೆಯ ನಿವಾಸಿಗಳೇ, ಸಭಿಕರೇ,

ಭಾಷಣವನ್ನು ಬರೆದುಕೊಂಡು ಬಂದಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬರವಣಿಗೆ ನನಗೆ ಆಗಿಬರುವುದಿಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲಿ ತಮಗೇ ತಿಳಿಯುತ್ತದೆ. ಆದರೆ ಬಾಯಲ್ಲಿ ಹೇಳಲು ಹೋದರೆ ಅರ್ಧ ಇಂಗ್ಲಿಷ್ ಆಗುತ್ತದೆ, ಉಳಿದರ್ಧ ಗಂಟಲಲ್ಲೇ ಉಳಿಯುತ್ತದೆ.

ನಾನು ಸಮಾಜಕಾರ್ಯದ ಮೊದಲ ವರ್ಷದ ವಿದ್ಯಾರ್ಥಿನಿ. ಬೀದಿಯಲ್ಲಿ ಬದುಕುತ್ತಿದ್ದವರಿಗೆ ಒಂದು ಕೋಣೆ, ಒಂದು ಬೀಗದ ಕೈ, ವಾರಕ್ಕೊಮ್ಮೆ ನರ್ಸ್, ಇಷ್ಟು ಕೊಟ್ಟರೆ ಅವರ ಆರೋಗ್ಯ ಏನಾಗುತ್ತದೆ, ಸರ್ಕಾರದ ಖರ್ಚು ಏನಾಗುತ್ತದೆ ಎಂದು ನೋಡುವುದು ನನ್ನ ಪ್ರಾಜೆಕ್ಟ್. ಈ ಮನೆಯ ಮೊದಲ ವಾರ್ಷಿಕೋತ್ಸವದಲ್ಲಿ ಅದನ್ನೇ ಐದು ನಿಮಿಷ ಹೇಳು ಎಂದಿದ್ದಾರೆ ಅಧ್ಯಕ್ಷರು. ಎಲ್ಲರದ್ದೂ ಹೇಳಲಾರೆ. ಮೂರನೇ ಸಾಲಿನಲ್ಲಿ ಕೂತಿರುವ, ಹನ್ನೆರಡನೇ ಕೋಣೆಯ ತಾತನದ್ದು ಹೇಳುತ್ತೇನೆ. ಆಸ್ಪತ್ರೆಯವರು ಇವರಿಗೆ ಇಟ್ಟ ಹೆಸರು ಹಾಜರಿ ತಾತ.

ಕೋಣೆ ಸಿಗುವ ಹಿಂದಿನ ವರ್ಷ ಇವರು ತುರ್ತು ವಿಭಾಗಕ್ಕೆ ಹೋದದ್ದು ನಲವತ್ತಾರು ಸಲ. ಅದರಲ್ಲಿ ಹನ್ನೊಂದು ಸಲ ಆಂಬುಲೆನ್ಸಿನಲ್ಲಿ. ಅಲ್ಲಿನ ಸಿಸ್ಟರ್ "ಏನ್ ತಾತ, ಇವತ್ತು ಯಾವ ನೋವು?" ಅಂದರೆ, ಇವರು "ನೀವೇ ನೋಡಿ ಒಂದು ಹೇಳ್ಬಿಡಿ ತಾಯಿ" ಅನ್ನುತ್ತಿದ್ದರಂತೆ. ನಗಬೇಡಿ, ನೋವು ನಿಜವೇ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡಿ ಕಾಲು ಊದಿ ಹುಣ್ಣಾಗಿತ್ತು. ಕೊಟ್ಟ ಮಾತ್ರೆ ಚೀಲದ ಸಮೇತ ಕಳುವಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯೇ ಇಲ್ಲದವರು ಎಷ್ಟು ಚಾಚಬೇಕು?

ಕೋಣೆ ಸಿಕ್ಕಿತು, ಕಾಲು ಚಾಚಿದರು, ಹುಣ್ಣು ಒಣಗಿತು. ಈ ವರ್ಷ ಆಸ್ಪತ್ರೆಗೆ ಹೋದದ್ದು ಎರಡೇ ಸಲ. ಒಮ್ಮೆ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು. ಪಾಪ, ಬಾಗಿಲಿನ ಅಭ್ಯಾಸ ತಪ್ಪಿಹೋಗಿತ್ತು. ಇನ್ನೊಮ್ಮೆ, ಸಿಸ್ಟರಿಗೆ ಬೀಗದ ಕೈ ತೋರಿಸಲು. ಆಗಲೂ ಇವರನ್ನು ರೋಗಿಯೆಂದೇ ದಾಖಲಿಸಿ, ಬಿಪಿ ನೋಡಿ ಕಳಿಸಿದರು. ಕೋಣೆ, ನರ್ಸ್ ಎಲ್ಲ ಸೇರಿದರೂ ಹಿಂದಿನ ವರ್ಷದ ಆಸ್ಪತ್ರೆ ಖರ್ಚಿನ ಅರ್ಧ ದಾಟಿಲ್ಲ.

ಇದೆಲ್ಲ ನನಗೆ ಇಷ್ಟು ಬೇಗ ಹೇಗೆ ಅರ್ಥವಾಯಿತು? ನಾನು ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಮೂರನೇ ಕ್ಲಾಸಿನಲ್ಲಿ ಸಿಕ್‌ರೂಮಿಗೆ ಹದಿನೇಳು ಸಲ ಹೋಗಿದ್ದೆ. ಅಲ್ಲಿ ಮಾತ್ರ ಹಣೆ ಮುಟ್ಟಿ ನೋಡುತ್ತಿದ್ದರು. ಇದು ವಿಷಯಾಂತರ. ಅಪ್ಪ ಅಮ್ಮ ಸಭೆಯಲ್ಲಿಲ್ಲವೆಂಬ ಧೈರ್ಯಕ್ಕೆ ಹೇಳಿದೆ, ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ವರದಿಯ ಕೊನೆಯ ಕಾಲಮ್ಮಿನಲ್ಲಿ ‘ಸದ್ಯದ ಸ್ಥಿತಿ’ ಎಂದಿತ್ತು. ಒಳ್ಳೆಯ ಮಾರ್ಕ್ಸ್ ಬರಲೆಂದು ‘ಪೂರ್ಣ ಗುಣಮುಖ, ಇನ್ನು ನೆರವು ಬೇಕಿಲ್ಲ’ ಎಂದು ಬರೆದೆ. ಮಾರ್ಕ್ಸ್ ಬಂತು. ವರದಿಯ ಪ್ರತಿ ಮುಖ್ಯ ಅತಿಥಿಗಳ ಕಚೇರಿಗೂ ಹೋಯಿತು, ಅಲ್ಲಿಂದ ತಾತನಿಗೆ ಕಾಗದವೂ ಬಂತು.

ತಮ್ಮ ಹೆಸರಿಗೆ, ತಮ್ಮ ಕೋಣೆಯ ನಂಬರಿಗೆ ಅಂಚೆ ಬಂದಿದ್ದು ಅದೇ ಮೊದಲು. ಲಕೋಟೆ ಒಡೆಯದೆ ಎರಡು ಮಹಡಿಯವರಿಗೂ ತೋರಿಸಿ, ಕೊನೆಗೆ ಓದಲು ನನ್ನ ಕೈಗೆ ಕೊಟ್ಟರು. ಗುಣಮುಖರಾಗಿರುವುದರಿಂದ ಮೂವತ್ತನೇ ತಾರೀಕಿನೊಳಗೆ ಕೋಣೆ ತೆರವು ಮಾಡತಕ್ಕದ್ದು ಎಂದಿತ್ತು. ಓದಿದೆ. ತಾತ ಲಕೋಟೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಹಾಗಾದ್ರೆ ತಿಂಗಳಿಗೆ ಎಷ್ಟು ಸಲ ಕಾಯಿಲೆ ಬೀಳ್ಬೇಕು, ಹೇಳು ಮಗಳೇ. ಬೀಳ್ತೀನಿ."

ಸಭಿಕರೇ, ನನಗೆ ಕನ್ನಡಕವಿದೆ. ಇಷ್ಟು ಚೆನ್ನಾಗಿ ಓದುತ್ತಿದ್ದೀಯಲ್ಲ, ಇನ್ನು ಕನ್ನಡಕ ಯಾಕೆ, ಕೊಡು ಎಂದು ಯಾರಾದರೂ ಕಿತ್ತುಕೊಂಡರೆ ಈ ಭಾಷಣ ಇದೇ ಸಾಲಿನಲ್ಲಿ ನಿಲ್ಲುತ್ತದೆ.

ಮುಖ್ಯ ಅತಿಥಿಗಳೇ, ಆ ಕಾಲಮ್ಮನ್ನು ತಿದ್ದಿ ತಂದಿದ್ದೇನೆ. ‘ಕೋಣೆ ಇರುವವರೆಗೆ ಆರೋಗ್ಯ’ ಎಂದು ಬರೆದಿದ್ದೇನೆ. ಮಾರ್ಕ್ಸ್ ಕಡಿಮೆಯಾದರೆ ಆಗಲಿ. ಇವತ್ತು ಇಪ್ಪತ್ತನಾಲ್ಕು. ತಾತ ಆಗಲೇ ಚೀಲ ಕಟ್ಟಿದ್ದಾರೆ, ತೊಡೆಯ ಮೇಲಿದೆ ನೋಡಿ. ಆಗಿನಿಂದ ಕೇಳಿಸುತ್ತಿರುವ ಕೆಮ್ಮೂ ಅವರದೇ, ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಧನ್ಯವಾದ, ನಮಸ್ಕಾರ. ಮುಖ್ಯ ಅತಿಥಿಗಳೇ, ಉತ್ತರವನ್ನು ಹನ್ನೆರಡನೇ ಕೋಣೆಯ ವಿಳಾಸಕ್ಕೇ, ಮೂವತ್ತರೊಳಗೆ, ದಯವಿಟ್ಟು ಬೇಗ ಕಳಿಸಿ.