ಹಳೇ ಸೈಲೆನ್ಸರ್

ವಾಹನ ಕಚೇರಿಯ ಸಾಲಿನಲ್ಲಿ ಹೊಲಿಗೆಯವಳೊಬ್ಬಳ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಡೀಸೆಲ್ ಪಿಕಪ್ಪಿನ ಮಾರಾಟದ ಕಾಗದ. ಹೊಲಿಗೆಯವಳ ಬಾಯಿ ಸುಮ್ಮನಿತ್ತು, ಕಿವಿಯಲ್ಲ.

"ದೊಡ್ಡ ಚಕ್ರ, ಗುಡುಗೋ ಸೈಲೆನ್ಸರ್, ಈ ಆಫೀಸಿನೋರು ಎಲ್ಲಾ ಬಿಚ್ಚಿಸಿ ಹಳೇದೇ ಹಾಕಿಸಿದ್ರು," ಗಂಡ ಗೊಣಗಿದ. " ಮೊದಲಿನ ಹಾಗೇ ಇದ್ರೇನೇ ಹೆಸರು ಬದಲಾಯಿಸೋದಂತೆ."

"ಆ ಸದ್ದು ಸಾಕಪ್ಪಾ ಅಂತ ಎಂಟು ವರ್ಷ ಬಡ್ಕೊಂಡೆ."

"ಅದಕ್ಕೇ ತಾನೇ ಮಾರ್ತಿರೋದು!"

"ದಾರೀಲಿ ಹಾಡ್ಕೊಂಡು ಬಂದ್ರಲ್ಲ, ಅದು ಯಾವಾಗಿಂದ?"

"ಗಾಡಿ ತಗೊಂಡಾಗಿಂದ. ದಿನಾ."

"ದಿನಾನಾ? ಪಕ್ಕದಲ್ಲೇ ಕೂತಿದ್ರೂ ನಂಗೆ ಇವತ್ತೇ ಕೇಳಿಸಿದ್ದು."

"ಹೇಗಿತ್ತು?"

"ಶ್ರುತಿ ಎಲ್ಲೋ, ನೀವೆಲ್ಲೋ." ಅವಳು ಕಾಗದವನ್ನು ಮೆಲ್ಲಗೆ ಕಿತ್ತುಕೊಂಡಳು. "ಗಾಡಿ ಇರ್ಲಿ ಬಿಡಿ."

"ಕೊಳ್ಳೋರಿಗೆ ಏನು ಹೇಳ್ಲಿ?"

"ಮನೆಯವಳು ಬಿಡ್ತಿಲ್ಲ ಅನ್ನಿ."

ಇಬ್ಬರೂ ಸಾಲು ಬಿಟ್ಟು ಹೊರಟರು. ಹೊಲಿಗೆಯವಳು ಒಂದು ಹೆಜ್ಜೆ ಮುಂದೆ ಬಂದಳು. ಹೊರಗೆ ಎಂಜಿನ್ ಮೆತ್ತಗೆ ಶುರುವಾಯಿತು, ಹಿಂದೆಯೇ ಹಾಡು: ದನಿ ಎರಡು, ಎರಡೂ ಅಪಶ್ರುತಿ.