ಹಲ್ಲಿನ ಚಿತ್ರದ ಬ್ಯಾಗಿನಲ್ಲಿದ್ದ ಕಂದು ಗಿಟಾರ್ ಕುರಿತು ಹೆಚ್ಚುವರಿ ಹೇಳಿಕೆ

ಬರೆಯದೇ ಬಿಡಲಿದ್ದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೇಳಿಕೆಯ ಮೊದಲ ಕರಡಿನಲ್ಲಿ ‘ಕಾಣೆಯಾಗಿದ್ದ ಗಿಟಾರ್ ಸಿಕ್ಕಿದೆ’ ಎಂದಷ್ಟೇ ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೆ. ಎಲ್ಲಿ ಸಿಕ್ಕಿತು ಎಂದು ಬರೆದಿರಲಿಲ್ಲ. ಅದು ಸಿಕ್ಕಿದ್ದು ದೂರು ಕೊಟ್ಟವರ ಮನೆಯಲ್ಲೇ. ದೂರು ಕೊಟ್ಟವರು ನನ್ನ ಒಡಹುಟ್ಟಿದ ಅಣ್ಣ. ಮೊನ್ನೆ ಠಾಣೆಯಲ್ಲಿ ನಾನು ಅವನನ್ನು ‘ಪರಿಚಿತರು’ ಎಂದಿದ್ದೆ. ಅದು ಸುಳ್ಳಲ್ಲ, ನಲವತ್ತಾರು ವರ್ಷಗಳ ಪರಿಚಯ.

ಹೆಸರು, ವಿಳಾಸ: ಮಾರ್ಚ್ 12ರ ನನ್ನ ಮೊದಲ ಹೇಳಿಕೆಯಲ್ಲಿ ಇರುವಂತೆ. ವಯಸ್ಸು: ನಲವತ್ತಾರು. ಉದ್ಯೋಗ: ಪಠ್ಯಪುಸ್ತಕ ಮುದ್ರಣಾಲಯದಲ್ಲಿ ಕರಡು ತಿದ್ದುವುದು, ಶನಿವಾರ ಸಂಜೆ ಹೋಟೆಲೊಂದರ ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುವುದು.

ಠಾಣೆಯ ಗಮನಕ್ಕೆ ತರಬೇಕಾದದ್ದು ಇಷ್ಟು:

ನಾವು ನಾಲ್ವರು ಬೇಸ್ ವಾದಕರು. ನಾನು, ಅಣ್ಣ, ಒಬ್ಬರು ಹಲ್ಲಿನ ಡಾಕ್ಟರ್, ಮತ್ತು ಆರೋಪಕ್ಕೆ ಒಳಗಾಗಿರುವ ಶಾಲಾ ವ್ಯಾನಿನ ಚಾಲಕರು. ಒಂದು ತಂಡಕ್ಕೆ ಒಬ್ಬರೇ ಬೇಸ್ ವಾದಕರು ಸಾಕು. ಆದ್ದರಿಂದ ನಮ್ಮಲ್ಲಿ ಯಾರೂ ಇನ್ನೊಬ್ಬರನ್ನು ವೇದಿಕೆಯ ಮೇಲೆ ಭೇಟಿಯಾಗುವುದಿಲ್ಲ. ಅದಕ್ಕಾಗಿಯೇ ತಿಂಗಳ ಕೊನೆಯ ಭಾನುವಾರ ನನ್ನ ಮನೆಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಗಿಟಾರ್‌ಗಳನ್ನು ಅದಲು ಬದಲು ಮಾಡಿಕೊಳ್ಳುತ್ತೇವೆ. ನನ್ನದು ಒಂದು ತಿಂಗಳು ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರದು ನನ್ನ ಮನೆಯಲ್ಲಿ. ಬರೆದಿಟ್ಟುಕೊಳ್ಳುವುದಿಲ್ಲ.

ಹೀಗೇಕೆ ಮಾಡುತ್ತೀರಿ ಎಂದು ತಾವು ಮೊನ್ನೆ ಎರಡು ಸಲ ಕೇಳಿದಿರಿ. ಎರಡು ಸಲವೂ ನಾನು ಸರಿಯಾಗಿ ಉತ್ತರಿಸಲಿಲ್ಲ. ಬೇರೆಯವರ ಗಿಟಾರ್ ಹಿಡಿದಾಗ ಬೆರಳುಗಳು ತಮ್ಮ ಹಳೆಯ ದಾರಿ ಬಿಟ್ಟು ಹೊಸ ದಾರಿ ಹಿಡಿಯುತ್ತವೆ. ಡಾಕ್ಟರದ್ದಕ್ಕೆ ಐದು ತಂತಿ, ಕ್ಲಿನಿಕ್ಕಿನ ಸ್ಪಿರಿಟ್ ವಾಸನೆ. ವ್ಯಾನಿನವರದ್ದಕ್ಕೆ ಅವರೇ ವ್ಯಾನಿಗೆ ಹೊಡೆದು ಉಳಿದ ಹಳದಿ ಬಣ್ಣ ಬಳಿದಿದ್ದಾರೆ. ಹಿಂಬದಿಯಲ್ಲಿ ಯಾವುದೋ ಮಗು ಅಂಟಿಸಿದ ಆನೆಯ ಚಿತ್ರವಿದೆ. ಅಣ್ಣನದು ಕಾಲೇಜು ದಿನಗಳಲ್ಲಿ ಕೊಂಡದ್ದು, ಕಂದು ಬಣ್ಣ, ಅವನ ಹೆಬ್ಬೆರಳು ಊರಿದಲ್ಲಿ ಬಣ್ಣ ಸವೆದು ಮರ ಕಾಣುತ್ತದೆ. ಅದನ್ನು ಅವನು ಎಷ್ಟು ಪ್ರೀತಿಸುತ್ತಾನೆಂದರೆ, ನಮ್ಮ ಗುಂಪಿಗೆ ಸೇರಲು ಎರಡು ವರ್ಷ ಮೀನಮೇಷ ಎಣಿಸಿದ. ಅವನನ್ನು ಒಪ್ಪಿಸಿ ಕರೆತಂದವಳು ನಾನು. ಇದಕ್ಕೆ ಈಗ ನನ್ನನ್ನೇ ಬೈದುಕೊಳ್ಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ತಮ್ಮ ಠಾಣೆಯ ಬರಹಗಾರರು ನನ್ನ ಮೊದಲ ಹೇಳಿಕೆ ಬರೆದುಕೊಳ್ಳುವಾಗ, ಈ ಗಿಟಾರಿಗೆ ನಾಲ್ಕೇ ತಂತಿ ಎಂದು ಕೇಳಿ ಪೆನ್ನು ನಿಲ್ಲಿಸಿ, “ಮಿಕ್ಕಿದ ಎರಡೂ ಕಳುವಾಗಿದ್ಯಾ ಮೇಡಂ?” ಎಂದು ವಿಚಾರಿಸಿದರು. ಆರು ತಂತಿ ಇರುವುದು ಮಾಮೂಲಿ ಗಿಟಾರಿಗೆ; ತಗ್ಗಿನ ಸ್ವರದ ಬೇಸ್ ಗಿಟಾರಿಗೆ ಸಾಮಾನ್ಯವಾಗಿ ಇರುವುದೇ ನಾಲ್ಕು. ಅದು ಹೇಳಿಕೆಯಲ್ಲಿ ಸೇರಿಹೋಗಿದ್ದರೆ ದಯವಿಟ್ಟು ತೆಗೆಸಬೇಕು.

ನಮ್ಮಲ್ಲಿ ಇರುವುದು ಮೂರೇ ನಿಯಮ. ಒಂದು, ಗಿಟಾರ್ ಹೋಗುತ್ತದೆ, ಬ್ಯಾಗ್ ಹೋಗುವುದಿಲ್ಲ. ತೆಗೆದುಕೊಂಡು ಹೋಗುವವರು ತಮ್ಮ ಬ್ಯಾಗಿನಲ್ಲೇ ಹಾಕಿಕೊಂಡು ಹೋಗಬೇಕು. ಎರಡು, ತಿಂಗಳ ನಡುವೆ ಕಾರ್ಯಕ್ರಮಕ್ಕೆ ಬೇರೆ ಗಿಟಾರ್ ಬೇಕೆನಿಸಿದರೆ ಇಬ್ಬರು ಮಾತಾಡಿಕೊಂಡು ಬದಲಿಸಿಕೊಳ್ಳಬಹುದು, ಮಾಲೀಕರ ಅಪ್ಪಣೆ ಬೇಕಿಲ್ಲ. ಮೂರು, ಬೇರೆಯವರ ಬ್ಯಾಗಿನ ಜಿಪ್ ಎಳೆಯುವಂತಿಲ್ಲ. ಮೊದಲಿನ ಎರಡು ನಾವು ಮೂವರು ಮಾಡಿಕೊಂಡವು. ಮೂರನೆಯದು ಅಣ್ಣ ಸೇರುವಾಗ ಹಾಕಿದ ಷರತ್ತು.

ಫೆಬ್ರವರಿ 23ರ ಭಾನುವಾರ ಅಣ್ಣ ತನ್ನ ಕಂದು ಗಿಟಾರನ್ನು ವ್ಯಾನಿನವರಿಗೆ ಕೊಟ್ಟು, ಅವರ ಹಳದಿ ಗಿಟಾರನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಹೋದ. ಆ ದಿನ ಡಾಕ್ಟರ್ ಬಂದಿರಲಿಲ್ಲ. ಆದ್ದರಿಂದ ನನ್ನದು ನನ್ನಲ್ಲೇ ಉಳಿಯಿತು.

ಮಾರ್ಚ್ 1ರಂದು ವ್ಯಾನಿನವರಿಗೆ ಒಂದು ಕಂಪನಿಯ ವಾರ್ಷಿಕ ಸಮಾರಂಭದಲ್ಲಿ ಕಾರ್ಯಕ್ರಮವಿತ್ತು. ಅದಕ್ಕೆ ಐದು ತಂತಿಯದು ಬೇಕಾಗಿ, ಅವರು ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಅಣ್ಣನದನ್ನು ಕೊಟ್ಟು ಡಾಕ್ಟರದ್ದನ್ನು ತೆಗೆದುಕೊಂಡರು. ಇದು ಎರಡನೆಯ ನಿಯಮದ ಪ್ರಕಾರ. ಅಂದೇ ನನಗೂ ಫೋನ್ ಮಾಡಿ, “ಅಕ್ಕಾ, ಅಣ್ಣಾವ್ರದ್ದು ಈಗ ಡಾಕ್ಟರ್ ಹತ್ರ ಆರಾಮಾಗಿದೆ, ಹಲ್ಲುಗಿಲ್ಲು ಕೀಳಿಸ್ಕೊಂಡು ಬರದಿದ್ರೆ ಸಾಕು” ಎಂದರು. ಇದನ್ನು ನಾನು ಮೊದಲ ಹೇಳಿಕೆಯಲ್ಲೂ ಹೇಳಿದ್ದೇನೆ.

ಮಾರ್ಚ್ 6ರ ಗುರುವಾರ ಡಾಕ್ಟರ್ ತರಬೇತಿಗೆಂದು ಬೇರೆ ಊರಿಗೆ ಹೊರಟರು. ಮುಚ್ಚಿದ ಕ್ಲಿನಿಕ್ಕಿನ ತೇವದಲ್ಲಿ ಅಷ್ಟು ಹಳೆಯ ಗಿಟಾರ್ ಇಡುವುದು ಬೇಡವೆಂದು ಅದನ್ನು ತಮ್ಮ ಬ್ಯಾಗಿನಲ್ಲಿ ಹಾಕಿ, ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅಣ್ಣನ ಮನೆಗೆ ಕೊಟ್ಟು ಹೋದರು. ಬ್ಯಾಗಿನ ಮೇಲೆ ಅವರ ಕ್ಲಿನಿಕ್ಕಿನ ಚಿತ್ರವಿದೆ: ನಗುವ ಒಂದು ದೊಡ್ಡ ಹಲ್ಲು. ಅಣ್ಣ ಕಚೇರಿಯಲ್ಲಿದ್ದ. ಅತ್ತಿಗೆ ಇಸಿದುಕೊಂಡು ಇಸ್ತ್ರಿ ಮೇಜಿನ ಹಿಂದೆ ನಿಲ್ಲಿಸಿದರು. ಸಂಜೆ ಅಣ್ಣನಿಗೆ, ಡಾಕ್ಟರ್ ಬಂದು ಬ್ಯಾಗ್ ಇಟ್ಟು ಹೋದರು ಎಂದು ಹೇಳಿದರು. ಅಣ್ಣ ಹಲ್ಲನ್ನು ನೋಡಿ, ಇದು ಡಾಕ್ಟರ ಗಿಟಾರ್, ಊರಿಗೆ ಹೋಗುವಾಗ ಜೋಪಾನಕ್ಕೆ ಇಟ್ಟಿದ್ದಾರೆ ಎಂದುಕೊಂಡ. ಮೂರನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಜಿಪ್ ಮುಟ್ಟಲಿಲ್ಲ.

ಮರುದಿನ ಸಂಜೆ ಅಣ್ಣನಿಗೆ ತನ್ನ ಗಿಟಾರ್ ಬೇಕೆನಿಸಿತು. ವ್ಯಾನಿನವರಿಗೆ ಫೋನ್ ಮಾಡಿದ. ಅವರು ಡಾಕ್ಟರ ಹತ್ತಿರ ಇದೆ ಎಂದರು. ಡಾಕ್ಟರ ಫೋನ್ ಆಫ್ ಆಗಿತ್ತು. ಕ್ಲಿನಿಕ್ಕಿನ ಸಹಾಯಕಿಯ ಮನೆಗೆ ಫೋನ್ ಮಾಡಿದರೆ, ಕ್ಲಿನಿಕ್ಕಿನಲ್ಲಿ ಯಾವ ಗಿಟಾರೂ ಇಲ್ಲ ಎಂದರು. ಅಣ್ಣ ಶನಿವಾರ, ಭಾನುವಾರ ಮತ್ತೆ ಮತ್ತೆ ವ್ಯಾನಿನವರಿಗೇ ಫೋನ್ ಮಾಡಿದ. ಅವರು ಪ್ರತಿ ಸಲವೂ ಅದೇ ಉತ್ತರ ಕೊಟ್ಟರು. ಅದೇ ಉತ್ತರ ಕೊಟ್ಟದ್ದೇ ಅನುಮಾನಕ್ಕೆ ಕಾರಣ ಎಂದು ಅಣ್ಣ ನಂತರ ನನಗೆ ವಿವರಿಸಿದ. ಬೇರೆ ಉತ್ತರ ಕೊಟ್ಟಿದ್ದರೆ ಅನುಮಾನ ಬರುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಆಗಲೂ ಬರುತ್ತಿತ್ತು ಎಂದ.

ಮಾರ್ಚ್ 10ರ ಸೋಮವಾರ ಅಣ್ಣ ತಮ್ಮಲ್ಲಿ ಕಳವಿನ ದೂರು ಕೊಟ್ಟ. ವ್ಯಾನಿನವರನ್ನು ಆ ದಿನವೂ ಮರುದಿನವೂ ಠಾಣೆಗೆ ಕರೆಸಲಾಯಿತು. ಎರಡನೆಯ ಸಲ ಶಾಲೆಯ ಗೇಟಿನಿಂದಲೇ ಕರೆದೊಯ್ದರು. ಮಕ್ಕಳು ವ್ಯಾನಿನಲ್ಲಿ ಕೂತಿದ್ದರು. ವ್ಯಾನಿನವರು ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಲೇ ಓಡಿಸುವುದರಿಂದ ಮಕ್ಕಳು ಅವರನ್ನು ಡುಂಡುಂ ಮಾಮ ಎನ್ನುತ್ತಾರೆ. ಡುಂಡುಂ ಮಾಮನನ್ನು ಪೊಲೀಸರು ಹಿಡಿದುಕೊಂಡು ಹೋದರು ಎಂಬ ಸುದ್ದಿ ಅಂದು ಸಂಜೆಯೊಳಗೆ ಎಲ್ಲ ಮನೆಗಳನ್ನು ತಲುಪಿತು. ಪ್ರಕರಣ ಇತ್ಯರ್ಥ ಆಗುವವರೆಗೆ ವ್ಯಾನ್ ಮುಟ್ಟಬೇಡಿ ಎಂದು ಶಾಲೆಯವರು ಹೇಳಿದ್ದಾರೆ. ಸೋಮವಾರ ಬೆಳಿಗ್ಗೆ ಹೊಸ ಚಾಲಕರನ್ನು ನೋಡುತ್ತಾರಂತೆ.

ಮಾರ್ಚ್ 13ರ ಗುರುವಾರ ಸಂಜೆ ಆರೂವರೆಗೆ ನಾನು ಅಣ್ಣನ ಮನೆಗೆ ಹೋದೆ. ಅವನು ಸೋಫಾದಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದ. ಹಳದಿ ಗಿಟಾರ್. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ, ಇಂಥ ಜನರನ್ನು ನಂಬಿ ಕೆಟ್ಟೆ ಎಂದು ನನಗೆ ಹೇಳಿದ. ಅವರ ಗಿಟಾರಿನ ಕತ್ತು ಮಾತ್ರ ಕೈಗೆ ಬಹಳ ಹಿತವಾಗಿದೆ ಎಂದೂ ಹೇಳಿದ.

ನಾನು ನೀರು ಕುಡಿಯಲು ಒಳಗೆ ಹೋದಾಗ ಇಸ್ತ್ರಿ ಮೇಜಿನ ಹಿಂದೆ ಹಲ್ಲಿನ ಬ್ಯಾಗ್ ಕಂಡಿತು. ಡಾಕ್ಟರ ಐದು ತಂತಿಯದು ವ್ಯಾನಿನವರ ಹತ್ತಿರ ಇರುವುದು ನನಗೆ ಗೊತ್ತಿತ್ತು. ಅಂದಮೇಲೆ ಇದರಲ್ಲಿ ಏನಿದೆ? ಜಿಪ್ ಎಳೆದೆ. ಕಂದು ಬಣ್ಣ, ಸವೆದ ಮರ.

ಆಗ ನಡೆದ ಮಾತುಗಳನ್ನು, ಅವರು ಹೇಳಿದಂತೆಯೇ ಬರೆಯಬೇಕೆಂಬ ತಮ್ಮ ಸೂಚನೆಯಂತೆ, ಬರೆಯುತ್ತಿದ್ದೇನೆ.

ಅಣ್ಣ ಬಾಗಿಲಿಗೆ ಬಂದು ಬ್ಯಾಗನ್ನೂ ನನ್ನನ್ನೂ ನೋಡಿದ. ಆಮೇಲೆ, “ನೀನ್ಯಾಕೆ ಬೇರೆಯವರ ಬ್ಯಾಗ್ ತೆಗೆದೆ?” ಎಂದ.

“ಇದು ನಿನ್ನ ಗಿಟಾರ್ ಕಣೋ” ಎಂದೆ.

“ಅದು ಗೊತ್ತಾಯ್ತು. ರೂಲ್ ಅಂದ್ರೆ ರೂಲ್.” ಮತ್ತೆ ಸ್ವಲ್ಪ ಯೋಚಿಸಿ, “ಪೊಲೀಸ್ ಭಯಕ್ಕೆ ಅವನೇ ತಂದು ಇಟ್ಟು ಹೋಗಿರ್ತಾನೆ” ಎಂದ.

ಅತ್ತಿಗೆ ಅಡುಗೆಮನೆಯಿಂದ, “ರೀ, ಡಾಕ್ಟರ್ ಕೊಟ್ಟಿದ್ದು, ನಾನು ಕೈಯಾರೆ ಇಸ್ಕೊಂಡಿದ್ದು. ಭಾನುವಾರ ಫ್ಯಾನ್ ಒರೆಸೋಕೆ ಸ್ಟೂಲ್ ಬೇಕು ಅಂದಾಗ ನೀವೇ ಇದನ್ನ ಈ ಕಡೆಯಿಂದ ಆ ಕಡೆಗೆ ಎತ್ತಿಟ್ರಿ. ಡಾಕ್ಟರ್ ಗಿಟಾರ್ ಎಷ್ಟು ಭಾರ ನೋಡು ಅಂತ ಬೇರೆ ಅಂದ್ರಿ” ಎಂದರು.

“ನೀನು ಸುಮ್ನಿರ್ತೀಯಾ?”

“ಇಷ್ಟು ದಿನ ಸುಮ್ನಿದ್ದಿದ್ದಕ್ಕೇ ಆ ಮನುಷ್ಯ ಸ್ಟೇಷನ್ ಮೆಟ್ಟಿಲು ಹತ್ತಿದ್ದು.”

ನನ್ನ ಅಣ್ಣ ವಿಮಾ ಕಂಪನಿಯಲ್ಲಿ ಅಧಿಕಾರಿ. ವಸ್ತು ಕಳೆದುಹೋಗಿದೆ ಎಂದು ಪರಿಹಾರ ಕೇಳಿ ಬಂದವರನ್ನು, ‘ಮನೆಯಲ್ಲಿ ಸರಿಯಾಗಿ ಹುಡುಕಿದ್ದೀರಾ?’ ಎಂದು ಕೇಳುವುದು ಅವನ ದಿನನಿತ್ಯದ ಕೆಲಸ. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಒಮ್ಮೆ ಹೊಡೆದುಹಾಕಿದ್ದೆ. ಮತ್ತೆ ಸೇರಿಸಿದ್ದೇನೆ.

ಈಗಲೇ ಹೋಗಿ ದೂರು ವಾಪಸು ತೆಗೆದುಕೋ ಎಂದು ಅಣ್ಣನಿಗೆ ಹೇಳಿದೆ. ಅವನು, ಕಚೇರಿಯವರಿಗೆಲ್ಲ ಹೇಳಿಯಾಗಿದೆ, ಈಗ ಹೋಗಿ ಸೋಫಾದಿಂದ ಹತ್ತು ಹೆಜ್ಜೆ ದೂರದಲ್ಲೇ ಸಿಕ್ಕಿತು ಎಂದರೆ ಮುಖ ಎಲ್ಲಿಡುವುದು ಎಂದ. ಸ್ವಲ್ಪ ದಿನ ಬಿಟ್ಟರೆ ಪೊಲೀಸರೇ ಮರೆಯುತ್ತಾರೆ, ತನ್ನಷ್ಟಕ್ಕೆ ತಣ್ಣಗಾಗುತ್ತದೆ ಎಂದ. ವ್ಯಾನಿನವರ ಕೆಲಸ ಹೋಗುತ್ತದಲ್ಲ ಎಂದೆ. ಅಂಥವರಿಗೆ ಎಲ್ಲಾದರೂ ಕೆಲಸ ಸಿಗುತ್ತದೆ ಎಂದ. ‘ಅಂಥವರು’ ಎಂದರೆ ಯಾರು ಎಂದು ನಾನು ಕೇಳಿದೆ. ಅವನು ಬ್ಯಾಗಿನತ್ತ ಬಾಗಿದ. ಕಂದು ಗಿಟಾರನ್ನು ಹೊರತೆಗೆದು, ಎಲ್ಲಾದರೂ ಪೆಟ್ಟು ಬಿದ್ದಿದೆಯೇ ಎಂದು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹೆಬ್ಬೆರಳನ್ನು ಸವೆದ ಮರದ ಮೇಲೆ ಊರಿ ತಲೆ ತಗ್ಗಿಸಿದ. ಅದು ಖುಷಿಗೋ ನಾಚಿಕೆಗೋ ನನಗೆ ತಿಳಿಯಲಿಲ್ಲ. ಒಂದು ಕ್ಷಣ ಪಾಪ ಅನಿಸಿತು. ಸೋಮವಾರ ಬೆಳಿಗ್ಗೆಯವರೆಗೆ ಸಮಯ ಕೊಡುತ್ತೇನೆ, ಅಷ್ಟರಲ್ಲಿ ನೀನು ಹೋಗದಿದ್ದರೆ ನಾನು ಬರೆದು ಕಳಿಸುತ್ತೇನೆ ಎಂದು ಹೇಳಿ ಬಂದೆ.

ಶುಕ್ರವಾರ ಮಧ್ಯಾಹ್ನ ಡಾಕ್ಟರ್ ಫೋನಿಗೆ ಸಿಕ್ಕರು. 6ರಂದು ಗಿಟಾರ್ ಕೊಟ್ಟದ್ದು ನಿಜವೆಂದೂ, ಬೇಕಾದರೆ ತಾವೂ ಹೇಳಿಕೆ ಕೊಡುವುದಾಗಿಯೂ ತಿಳಿಸಿದರು. “ನನ್ನ ಬ್ಯಾಗ್ ಮೇಲೆ ಅಷ್ಟು ದೊಡ್ಡ ಹಲ್ಲು ಇದ್ಯಲ್ರೀ, ಕಣ್ಣಿಗೆ ಬೀಳ್ಲಿಲ್ವಾ?” ಎಂದು ಕೇಳಿದರು. ಬಿದ್ದದ್ದೇ ಅದು ಎಂದೆ.

ಅಂದು ಸಂಜೆ ಈ ಹೇಳಿಕೆ ಬರೆಯಲು ಕೂತೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ಶಾಲೆಯಲ್ಲಿ ಕಲಿತದ್ದು ಹಾಗೆ. ಓದಿ ನೋಡಿದರೆ ಅಣ್ಣನ ಕಚೇರಿಯಿಂದ ಬಂದ ಪತ್ರದಂತಿತ್ತು. ಹರಿದುಹಾಕಿದೆ. ಕನ್ನಡದಲ್ಲಿ ಬರೆದದ್ದು, ಮೇಲೆ ಹೇಳಿದಂತೆ, ‘ಗಿಟಾರ್ ಸಿಕ್ಕಿದೆ’ ಎಂಬಲ್ಲಿ ನಿಂತಿತು. ಅಣ್ಣನ ಹೆಸರು ಬರದಂತೆ ವ್ಯಾನಿನವರನ್ನು ಬಿಡಿಸಲು ಏನಾದರೂ ದಾರಿ ಇದೆಯೇ ಎಂದು ಬಹಳ ಯೋಚಿಸಿದೆ. ಗಿಟಾರ್ ಎಲ್ಲಿತ್ತು ಎಂದು ಹೇಳದಿದ್ದರೆ, ಕದ್ದವರೇ ಹೆದರಿ ತಂದಿಟ್ಟರು ಎಂದು ಯಾರು ಬೇಕಾದರೂ ಹೇಳಬಹುದು. ಅಣ್ಣ ಆಗಲೇ ಹೇಳಿದ್ದ.

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ವ್ಯಾನಿನವರು ನನ್ನ ಮನೆಗೆ ಬಂದರು. ನಡೆದುಕೊಂಡು ಬಂದಿದ್ದರು. ಬೆನ್ನಿಗೆ ಡಾಕ್ಟರ ಐದು ತಂತಿಯ ಗಿಟಾರ್. ಒಳಗೆ ಬನ್ನಿ ಎಂದರೂ ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ತಮ್ಮ ಬ್ಯಾಗಿನಿಂದ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹೊಸ ತಂತಿ ಹಾಕಿಸಿದ್ದರು.

“ಡಾಕ್ಟರ್ ಬಂದ್ಮೇಲೆ ಕೊಟ್ಬಿಡಿ ಅಕ್ಕಾ. ಇನ್ಮೇಲೆ ಬೇರೆಯವರದ್ದು ನನ್ನ ಹತ್ರ ಇರೋದು ಬೇಡ.”

ಗಿಟಾರ್ ಸಿಕ್ಕಿದೆ, ಎಲ್ಲಿತ್ತು ಎಂಬುದನ್ನು ಹೇಳಿದೆ. ಅವರು ನಕ್ಕರು. ಬೈಯುತ್ತಾರೆ ಅಂದುಕೊಂಡಿದ್ದೆ. ಪೆಟ್ಟೇನೂ ಬಿದ್ದಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ಅಣ್ಣನಿಗೆ ಸೋಮವಾರದವರೆಗೆ ಸಮಯ ಕೊಟ್ಟಿದ್ದೇನೆ ಎಂದೂ ಹೇಳಿದೆ. ಅದಕ್ಕೆ ಅವರು ತಲೆಯಾಡಿಸಿದರು. ಖಾಲಿ ಬ್ಯಾಗನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನವರೆಗೆ ಹೋದವರು ತಿರುಗಿ ನಿಂತರು.

“ನನ್ನದೊಂದು ಅಣ್ಣಾವ್ರ ಮನೇಲಿದೆ ಅಕ್ಕಾ, ಹಳದಿದು. ನಾನೇ ಹೋಗಿ ಕೇಳಿದ್ರೆ ಕದಿಯೋಕೆ ಬಂದ ಅಂದ್ಕೋತಾರೆ. ನೀವು ತಂದ್ಕೊಡ್ತೀರಾ?”

ತರುತ್ತೇನೆ ಎಂದೆ.

ಅವರು ಹೋದ ಮೇಲೆ ಕೂತು ಮೊದಲ ಪುಟವನ್ನು ಮತ್ತೆ ಬರೆದೆ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ಅಲ್ಲಲ್ಲಿ ನನ್ನ ಸಿಟ್ಟು ಸೇರಿಕೊಂಡಿದ್ದರೆ ಅದನ್ನು ಬಿಟ್ಟು ಓದಬೇಕಾಗಿ ವಿನಂತಿ. ಬಿಟ್ಟರೂ ಗಿಟಾರ್ ಇದ್ದ ಜಾಗ ಬದಲಾಗುವುದಿಲ್ಲ. ಇದರ ಒಂದು ಪ್ರತಿಯನ್ನು ಶಾಲೆಯ ಆಡಳಿತಕ್ಕೂ ಕಳಿಸುತ್ತಿದ್ದೇನೆ. ಅಂಚೆ ಕಚೇರಿಯಿಂದ ನೇರ ಅಣ್ಣನ ಮನೆಗೆ ಹೋಗಿ ಹಳದಿ ಗಿಟಾರ್ ತರುತ್ತೇನೆ. ಬ್ಯಾಗ್ ನನ್ನದೇ ಒಯ್ಯುತ್ತೇನೆ.

ಸ್ಥಳ: ನನ್ನ ಮನೆ, ಮೇಲಿನ ಕೋಣೆ
ಸಹಿ: (ಮೊದಲ ಹೇಳಿಕೆಯಲ್ಲಿ ಮಾಡಿದಂತೆಯೇ)

ಅಂಚೆಗೆ ಹಾಕುವ ದಿನ: ‘ಸೋಮವಾರ, ಮಾರ್ಚ್ 17’ ಎಂದು ಬರೆದದ್ದನ್ನು ಹೊಡೆದುಹಾಕಿದ್ದೇನೆ. ಶನಿವಾರ, ಮಾರ್ಚ್ 15.